ಬ್ರೌಸರ್‌ನಲ್ಲಿ ಚೆಂದ, ಔಟ್‌ಲುಕ್‌ನಲ್ಲಿ ಚಿಂದಿ: ಮಾರ್ಕ್‌ಡೌನ್ ಪತ್ರವನ್ನು ಮೇಲ್‌ಗೆ ಒಗ್ಗಿಸುವುದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಗಂಗಾವತಿ ಹತ್ತಿರದ ಒಂದು ರೈತ ಉತ್ಪಾದಕರ ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಪ್ರತಿ ಶನಿವಾರ ಸುಮಾರು 400 ಜನರಿಗೆ ಕನ್ನಡದಲ್ಲಿ ಒಂದು ಪತ್ರ ಮೇಲ್ ಮಾಡುತ್ತೇವೆ. ಭತ್ತದ ರೇಟು, ಎಡದಂಡೆ ನಾಲೆಯ ನೀರಿನ ಸುದ್ದಿ, ಗೊಬ್ಬರದ ಸ್ಟಾಕು, ಇಷ್ಟೇ. ಪತ್ರವನ್ನು ಮಾರ್ಕ್‌ಡೌನ್‌ನಲ್ಲಿ (ಸಾದಾ ಪಠ್ಯಕ್ಕೇ ನಕ್ಷತ್ರ, ಗೆರೆಯಂಥ ಗುರುತು ಹಾಕುವ ರೀತಿ) ಬರೆಯುತ್ತೇನೆ. ನಮ್ಮ ಕಂಪ್ಯೂಟರ್ ಹುಡುಗ ಬರೆದ ಪೈಥಾನ್ ಸ್ಕ್ರಿಪ್ಟ್ ಅದನ್ನು ಎಚ್‌ಟಿಎಂಎಲ್ (ವೆಬ್ ಪುಟದ ಕೋಡ್) ಮಾಡಿ ಕಳಿಸುತ್ತದೆ. ಬ್ರೌಸರ್‌ನಲ್ಲಿ ತೆರೆದರೆ ಬಹಳ ಚೆಂದ ಕಾಣುತ್ತದೆ. ಜಿಮೇಲ್‌ಗೆ ಹೋದ ಮೇಲೆ ಬಣ್ಣ, ಗೆರೆ ಎಲ್ಲ ಮಾಯ. ಬ್ಯಾಂಕಿನವರ ಔಟ್‌ಲುಕ್‌ನಲ್ಲಿ ಲೋಗೋ ಪರದೆ ತುಂಬ ಬರುತ್ತದಂತೆ. ಕೆಲವು ಕಡೆ ಅಕ್ಷರದ ಜಾಗದಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಕಾಣುತ್ತದೆ. ಪತ್ರ ದೊಡ್ಡದಾದರೆ ಜಿಮೇಲ್ ಅರ್ಧಕ್ಕೇ ಕತ್ತರಿಸುತ್ತದೆ. ಎಚ್‌ಟಿಎಂಎಲ್ ಮೇಲ್ ಅಂದರೇನೇ ಸ್ಪ್ಯಾಮ್‌ಗೆ ಹೋಗುತ್ತದೆ ಅಂತ ಒಬ್ಬರು, ಮಾರ್ಕ್‌ಡೌನ್ ಬಿಟ್ಟು ಸುಮ್ನೆ ಒಂದು ಫೋಟೋ ಮಾಡಿ ಕಳಿಸಿ ಅಂತ ಇನ್ನೊಬ್ಬರು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದಲ್ಲ, ನಾಲ್ಕೈದು ಬೇರೆ ಬೇರೆ ತೊಂದರೆಗಳಿವೆ. ಎಲ್ಲ ಒಟ್ಟಿಗೆ ಬಂದಿದ್ದರಿಂದ ಮಾರ್ಕ್‌ಡೌನ್ ಮೇಲೆ ಅನುಮಾನ ಬಂದಿದೆ. ಅದರದ್ದು ತಪ್ಪಿಲ್ಲ. ಅದು ತಲೆಬರಹ, ಪ್ಯಾರಾ, ಪಟ್ಟಿ ಯಾವುದು ಅಂತ ಗುರುತು ಹಾಕಿ ಕೊಡುತ್ತದೆ, ಅಷ್ಟೇ ಅದರ ಕೆಲಸ. ಹಾಗೆ ಬಂದ ಎಚ್‌ಟಿಎಂಎಲ್ ಬ್ರೌಸರ್‌ಗೆ ಸರಿಹೋಗುತ್ತದೆ. ಆದರೆ ಮೇಲ್ ತೋರಿಸುವ ಆ್ಯಪ್‌ಗಳು ಬ್ರೌಸರ್ ಅಲ್ಲ. ಈ ಕಂದಕ ದಾಟಿಸುವ ಒಂದು ಹಂತ ನಿಮ್ಮ ಸ್ಕ್ರಿಪ್ಟ್‌ನಲ್ಲಿ ಇಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು ಹೊರಗಿನ ಪಾರ್ಟಿಗಳಿಗೆ ಕಳಿಸುವ ರೇಟ್ ಲಿಸ್ಟ್ ಮೇಲ್‌ಗಳನ್ನು ನಾನು ಮಾಡಿಕೊಡುತ್ತೇನೆ. ಅಲ್ಲೂ ಹೆಚ್ಚುಕಮ್ಮಿ ಇದೇ ದೂರು.

ಮೊದಲು ಬಣ್ಣ, ಗೆರೆ ಮಾಯವಾದ ಸಂಗತಿ. ಸಾಮಾನ್ಯವಾಗಿ ಮಾರ್ಕ್‌ಡೌನ್ ಅನ್ನು ಎಚ್‌ಟಿಎಂಎಲ್ ಮಾಡುವ ಕನ್ವರ್ಟರ್‌ಗಳು ಅಲಂಕಾರವನ್ನೆಲ್ಲ ಬೇರೆ ಒಂದು ಸಿಎಸ್‌ಎಸ್ (ಬಣ್ಣ, ಅಳತೆ ಹೇಳುವ ಕೋಡ್) ಫೈಲಿನಲ್ಲಿ ಇಟ್ಟು, ಪುಟದಲ್ಲಿ ಅದಕ್ಕೆ ಲಿಂಕ್ ಕೊಡುತ್ತವೆ. ಜಿಮೇಲ್ ಆ ಲಿಂಕ್ ಅನ್ನು ತೆಗೆದೇ ಬಿಡುತ್ತದೆ. ಸಿಎಸ್‌ಎಸ್ ಅನ್ನು ಮೇಲ್‌ನ ತಲೆಭಾಗದಲ್ಲೇ ಸ್ಟೈಲ್ ಟ್ಯಾಗಿನೊಳಗೆ (ಟ್ಯಾಗ್ ಅಂದರೆ ಎಚ್‌ಟಿಎಂಎಲ್‌ನ ಗುರುತು) ಬರೆದರೆ ಜಿಮೇಲ್ 2016ರಿಂದ ಅದನ್ನು ಓದುತ್ತದೆ. ಆದರೆ ಷರತ್ತುಗಳಿವೆ. ಆ ಭಾಗ ತೀರಾ ದೊಡ್ಡದಾಗಬಾರದು. ಅದರೊಳಗೆ ಜಿಮೇಲ್‌ಗೆ ಒಗ್ಗದ ಏನಾದರೂ ಇದ್ದರೆ ಇಡೀ ಭಾಗವನ್ನೇ ಎಸೆಯಬಹುದು. ಮೊಬೈಲಿನ ಜಿಮೇಲ್ ಆ್ಯಪ್‌ನಲ್ಲಿ ಬೇರೆ ಕಂಪನಿಯ ಮೇಲ್ ಅಕೌಂಟ್ ಸೇರಿಸಿಕೊಂಡವರಿಗಂತೂ ಸ್ಟೈಲ್ ಟ್ಯಾಗ್ ಕೆಲಸವೇ ಮಾಡುವುದಿಲ್ಲ. ಹಾಗಾಗಿ ನಮ್ಮ ಕಸುಬಿನಲ್ಲಿ ಪಾಲಿಸುವುದು ಒಂದೇ ನಿಯಮ: ಪ್ರತಿ ಟ್ಯಾಗಿನೊಳಗೂ ಅದರ ಸ್ಟೈಲ್ ಬರೆದಿರಬೇಕು. ದೂರದ ಹೊಲಕ್ಕೆ ಹೋಗುವವರು ಬುತ್ತಿ ಕಟ್ಟಿಕೊಂಡೇ ಹೊರಡುತ್ತಾರಲ್ಲ, ಹಾಗೆ. ಪ್ರತಿ ಪ್ಯಾರಾ, ಪ್ರತಿ ಟೇಬಲ್ ಖಾನೆ ತನ್ನ ಬಣ್ಣ, ಅಳತೆ, ಅಂತರ ತಾನೇ ಹೊತ್ತುಕೊಂಡು ಹೋಗಬೇಕು.

ಇದನ್ನು ಕೈಯಲ್ಲಿ ಮಾಡಬೇಡಿ, ತಲೆ ಕೆಡುತ್ತದೆ. ಸಿಎಸ್‌ಎಸ್ ಅನ್ನು ಟ್ಯಾಗುಗಳೊಳಗೆ ಹಂಚುವ ಇನ್‌ಲೈನರ್ ಅನ್ನೋ ಪ್ರೋಗ್ರಾಂಗಳಿವೆ. ಪೈಥಾನ್‌ಗೆ ಪ್ರೀಮೇಲರ್ ಇದೆ, ನೋಡ್.ಜೆಎಸ್ ಬಳಸುವವರಿಗೆ ಜ್ಯೂಸ್ ಇದೆ. ಎರಡೂ ಪುಕ್ಕಟೆ. ನಿಮ್ಮ ಹುಡುಗ ಸ್ಕ್ರಿಪ್ಟ್‌ಗೆ ಇದೊಂದನ್ನು ಸೇರಿಸಿದರೆ ನಿಮ್ಮ ದೂರಿನಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ.

ಇನ್ನು ಔಟ್‌ಲುಕ್. ಇದರ ಜೊತೆ ಏಗುವುದೇ ಈ ಕೆಲಸದ ಮುಕ್ಕಾಲು ಪಾಲು. ವಿಂಡೋಸ್‌ನ ಔಟ್‌ಲುಕ್ 2007ರ ಆವೃತ್ತಿಯಿಂದ ಮೇಲ್‌ಗಳನ್ನು ಮೈಕ್ರೋಸಾಫ್ಟ್ ವರ್ಡ್‌ನ ಎಂಜಿನ್‌ನಲ್ಲಿ ತೋರಿಸುತ್ತಿದೆ. ಅದಕ್ಕೂ ಮೊದಲು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನದ್ದು ಇತ್ತು. ಅಂದರೆ ನಿಮ್ಮ ಪತ್ರವನ್ನು ಬ್ಯಾಂಕಿನ ಸಾಹೇಬರು ವೆಬ್ ಪುಟದಂತೆ ನೋಡುತ್ತಿಲ್ಲ, ವರ್ಡ್ ಡಾಕ್ಯುಮೆಂಟ್‌ನಂತೆ ನೋಡುತ್ತಿದ್ದಾರೆ. ಹೊಸ ಔಟ್‌ಲುಕ್ ವೆಬ್ ಎಂಜಿನ್‌ಗೆ ಬಂದಿದೆ, ಅದರಲ್ಲಿ ಇಷ್ಟು ಗೋಳಿಲ್ಲ. ಆದರೆ ಆಫೀಸುಗಳಲ್ಲಿ ಹಳೆಯದು ಇನ್ನೂ ಇದೆ. ಅದಕ್ಕೆ ಗರಿಷ್ಠ ಅಗಲ ಅನ್ನೋ ಸಿಎಸ್‌ಎಸ್ ಅರ್ಥ ಆಗಲ್ಲ. ದುಂಡಗಿನ ಮೂಲೆ ಗೊತ್ತಿಲ್ಲ. ಡಿವ್ ಅನ್ನೋ ಡಬ್ಬಿ ಟ್ಯಾಗಿಗೆ ಕೊಟ್ಟ ಪ್ಯಾಡಿಂಗ್ (ಒಳಗಿನ ಅಂತರ) ಅನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಚಿತ್ರದ ಅಗಲವನ್ನು ಸಿಎಸ್‌ಎಸ್‌ನಲ್ಲಿ ಬರೆದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೂಲ ಅಳತೆಯಲ್ಲೇ ತೋರಿಸುತ್ತದೆ. ನಿಮ್ಮ ಲೋಗೋ ಪರದೆ ತುಂಬಿದ್ದು ಇದಕ್ಕೇ. ಮಾರ್ಕ್‌ಡೌನ್‌ನಲ್ಲಿ ಚಿತ್ರಕ್ಕೆ ಅಗಲ ಹೇಳುವ ದಾರಿಯೂ ಇಲ್ಲ ನೋಡಿ. ಲೋಗೋವನ್ನು ಪತ್ರದಿಂದ ತೆಗೆದು ಟೆಂಪ್ಲೇಟ್‌ಗೆ ಹಾಕಿ, ಅಲ್ಲಿ ಇಮೇಜ್ ಟ್ಯಾಗಿನ ವಿಡ್ತ್ ಅಟ್ರಿಬ್ಯೂಟ್‌ನಲ್ಲಿ ಪಿಕ್ಸೆಲ್ ಲೆಕ್ಕದಲ್ಲಿ ಬರೀ ಸಂಖ್ಯೆ ಕೊಡಿ. ಅದನ್ನು ಔಟ್‌ಲುಕ್ ಕೇಳುತ್ತದೆ.

ಟೆಂಪ್ಲೇಟ್ ಅಂದರೆ ಏನು ದೊಡ್ಡದಲ್ಲ. 600 ಪಿಕ್ಸೆಲ್ ಅಗಲದ ಒಂದು ಹೊರ ಟೇಬಲ್, ಅದರೊಳಗೆ ಮೇಲೆ ಲೋಗೋ, ನಡುವೆ ಪತ್ರ, ಕೆಳಗೆ ವಿಳಾಸ. ಟೇಬಲ್‌ನಲ್ಲಿ ಪುಟ ಕಟ್ಟುವುದು ವೆಬ್‌ನವರ ಪ್ರಕಾರ ಹಳೇ ಕಾಲದ ಪದ್ಧತಿ. ಮೇಲ್‌ನಲ್ಲಿ ಇವತ್ತಿಗೂ ಅದೇ ಗಟ್ಟಿ. ಮೊಬೈಲಿನಲ್ಲಿ ಕುಗ್ಗಬೇಕು, ಔಟ್‌ಲುಕ್‌ನಲ್ಲಿ 600ಕ್ಕೇ ನಿಲ್ಲಬೇಕು ಅಂದರೆ ಔಟ್‌ಲುಕ್ ಮಾತ್ರ ಓದುವ ಕಂಡೀಷನಲ್ ಕಾಮೆಂಟ್‌ನೊಳಗೆ 600ರ ಟೇಬಲ್ ಇಟ್ಟು, ಉಳಿದವರಿಗೆ ಗರಿಷ್ಠ ಅಗಲ 600 ಅಂತ ಹೇಳುತ್ತಾರೆ. ಇಂಥ ಸರ್ಕಸ್ ಬೇಡ ಅನ್ನುವವರಿಗೆ ಎಂಜೆಎಂಎಲ್ ಇದೆ. ಮೇಲ್‌ಜೆಟ್ ಕಂಪನಿಯವರು ತಂದಿದ್ದು. ಅದರಲ್ಲಿ ಸರಳವಾಗಿ ಬರೆದರೆ ಈ ಟೇಬಲ್ ಗೋಜಲನ್ನೆಲ್ಲ ಅದೇ ಹೆಣೆದು ಕೊಡುತ್ತದೆ. ಒಂದು ಸಲ ಮಾಡಿಟ್ಟುಕೊಂಡರೆ ಸಾಕು, ವಾರ ವಾರ ನಡುವಿನ ಪತ್ರ ಮಾತ್ರ ಬದಲಾಗುತ್ತದೆ. ಒಂದು ಎಚ್ಚರಿಕೆ: ಎಚ್‌ಟಿಎಂಎಲ್ ಗಾತ್ರ ಇಳಿಸುವ ಕೆಲವು ಟೂಲ್‌ಗಳು ಕಾಮೆಂಟ್ ಅಂದ ತಕ್ಷಣ ಅಳಿಸುತ್ತವೆ. ಆಗ ಔಟ್‌ಲುಕ್‌ಗೆ ಇಟ್ಟಿದ್ದ ಏರ್ಪಾಡೂ ಹೋಗುತ್ತದೆ.

ಈಗ ಕನ್ನಡದ್ದೇ ಆದ ತೊಂದರೆಗಳಿಗೆ ಬರೋಣ. ಇಂಗ್ಲಿಷಿನಲ್ಲಿ ಮೇಲ್ ಮಾಡುವವರು ಇವನ್ನು ಎದುರಿಸುವುದೇ ಕಡಿಮೆ. ಹಾಗಾಗಿ ಎಲ್ಲೂ ಸರಿಯಾಗಿ ಬರೆದಿಟ್ಟಿರುವುದಿಲ್ಲ.

ಆ ಕಪ್ಪು ವಜ್ರ. ಮೇಲ್ ನಿಯಮದ ಪ್ರಕಾರ ಒಂದು ಸಾಲು 998 ಬೈಟ್ ಮೀರಬಾರದು. ಮೀರಿದರೆ ದಾರಿಯಲ್ಲಿ ಯಾವುದಾದರೂ ಸರ್ವರ್ ಅದನ್ನು ಮುರಿಯಬಹುದು. ಇಂಗ್ಲಿಷ್ ಅಕ್ಷರ ಒಂದಕ್ಕೆ ಒಂದು ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಇಲ್ಲಿ ಚಿಹ್ನೆ ಅಂದರೆ ಅಕ್ಷರವಷ್ಟೇ ಅಲ್ಲ, ಗುಣಿತದ ಗುರುತು, ಹಲಂತದ ಗುರುತು ಎಲ್ಲವೂ ಸೇರಿ. ‘ಭತ್ತ’ ಅಂದರೆ ಭ, ತ, ಹಲಂತದ ಗುರುತು, ಇನ್ನೊಂದು ತ, ಒಟ್ಟು ನಾಲ್ಕು ಚಿಹ್ನೆ, 12 ಬೈಟ್. ಈ ಲೆಕ್ಕದಲ್ಲಿ 998 ಬೈಟ್ ಅಂದರೆ ಸುಮಾರು 330 ಚಿಹ್ನೆ. ಮಾರ್ಕ್‌ಡೌನ್‌ನಲ್ಲಿ ನೀವು ಪ್ಯಾರಾವನ್ನು ಒಂದೇ ಉದ್ದ ಸಾಲಿನಲ್ಲಿ ಬರೆಯುತ್ತೀರಿ, ಅಲ್ವಾ? ಸಾಧಾರಣ ಪ್ಯಾರಾವೂ ಈ ಮಿತಿ ದಾಟುತ್ತದೆ. ಸರ್ವರ್ ಕತ್ತರಿ ಹಾಕಿದ ಜಾಗ ಮೂರು ಬೈಟ್‌ಗಳ ನಡುವೆ ಬಿದ್ದರೆ ಆ ಅಕ್ಷರ ಸತ್ತಂತೆಯೇ. ಅಲ್ಲಿ ನಿಮಗೆ ವಜ್ರ ಕಾಣುತ್ತದೆ.

ಪರಿಹಾರ ಸುಲಭ. ಮೇಲ್ ಕಳಿಸುವಾಗ ಒಡಲನ್ನು ಬೇಸ್64 ಎನ್‌ಕೋಡಿಂಗ್‌ನಲ್ಲಿ ಕಳಿಸಬೇಕು. ಆಗ ಅದು ಚಿಕ್ಕ ಚಿಕ್ಕ ಸಾಲುಗಳಾಗಿ ಹೋಗುತ್ತದೆ, ಆ ಕಡೆ ಮತ್ತೆ ಸರಿಯಾಗಿ ಜೋಡಣೆಯಾಗುತ್ತದೆ. ಕ್ವೋಟೆಡ್ ಪ್ರಿಂಟಬಲ್ ಅನ್ನೋದು ಇನ್ನೊಂದಿದೆ. ಅದೂ ಸುರಕ್ಷಿತವೇ, ಆದರೆ ಕನ್ನಡದ ಒಂದೊಂದು ಚಿಹ್ನೆಯನ್ನು ಒಂಬತ್ತು ಬೈಟ್ ಮಾಡುತ್ತದೆ. ಬೇಸ್64 ನಾಲ್ಕೇ ಮಾಡುತ್ತದೆ. ನಿಮ್ಮ ಸ್ಕ್ರಿಪ್ಟ್ ಮೇಲ್‌ನ ಹೆಡರ್, ಒಡಲು ಎಲ್ಲವನ್ನೂ ಕೈಯಾರೆ ಅಂಟಿಸಿ ಕಳಿಸುತ್ತಿದೆ ಅಂತ ನನ್ನ ಊಹೆ. ಪೈಥಾನ್‌ನಲ್ಲೇ ಇರುವ ಇಮೇಲ್‌ಮೆಸೇಜ್ ಕ್ಲಾಸ್ ಬಳಸಲು ಹೇಳಿ, ಎನ್‌ಕೋಡಿಂಗ್ ಅದೇ ನೋಡಿಕೊಳ್ಳುತ್ತದೆ.

ಅರ್ಧಕ್ಕೆ ಕತ್ತರಿಸುವ ವಿಷಯ. ಸುಮಾರು 102 ಕಿಲೋಬೈಟ್ ದಾಟಿದ ಮೇಲ್ ಅನ್ನು ಜಿಮೇಲ್ ಅಲ್ಲಿಗೇ ನಿಲ್ಲಿಸಿ, ಪೂರ್ತಿ ನೋಡಲು ಒಂದು ಲಿಂಕ್ ಕೊಡುತ್ತದೆ. ಚಿತ್ರಗಳ ತೂಕ ಇದರಲ್ಲಿ ಬರುವುದಿಲ್ಲ, ಎಚ್‌ಟಿಎಂಎಲ್ ಮಾತ್ರ. ವಾರದ ಪತ್ರ ಇಷ್ಟು ದೊಡ್ಡದಾಗುವುದು ಕಷ್ಟ. ಹಾಗಾಗಿ ಬೇರೆ ಏನೋ ಗಾತ್ರ ಉಬ್ಬಿಸುತ್ತಿದೆ. ಕೆಲವು ಕನ್ವರ್ಟರ್, ಇನ್‌ಲೈನರ್‌ಗಳು ಇಂಗ್ಲಿಷ್ ಅಲ್ಲದ ಅಕ್ಷರ ಕಂಡರೆ ಅದನ್ನು ಸಂಖ್ಯೆಯಾಗಿ ಬದಲಿಸುತ್ತವೆ. ‘ಕ’ ಹೋಗಿ ಕ ಆಗುತ್ತದೆ. ಮೂರು ಬೈಟ್ ಇದ್ದದ್ದು ಏಳಾಯಿತು. ಭತ್ತ 12ರಿಂದ 28ಕ್ಕೆ ಏರಿತು. ಪರದೆ ಮೇಲೆ ಏನೂ ವ್ಯತ್ಯಾಸ ಕಾಣದ ಕಾರಣ ಯಾರೂ ಗಮನಿಸುವುದಿಲ್ಲ. ನಿಮ್ಮ ಎಚ್‌ಟಿಎಂಎಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಕನ್ನಡ ಕನ್ನಡವಾಗಿಯೇ ಕಂಡರೆ ಸರಿ. ಬರೀ ಸಂಖ್ಯೆಗಳು ಕಂಡರೆ ಆ ಟೂಲ್‌ನ ಎಂಟಿಟಿ (ಅಕ್ಷರವನ್ನು ಸಂಖ್ಯೆ ಮಾಡುವ) ಸೆಟ್ಟಿಂಗ್ ಬದಲಿಸಿ. ಪ್ಯಾನ್‌ಡಾಕ್ ಅನ್ನೋ ಕನ್ವರ್ಟರ್ ಬಳಸುತ್ತಿದ್ದರೆ ಆಸ್ಕಿ ಆಯ್ಕೆ ಹಾಕಿದ್ದಾರಾ ನೋಡಿ.

ಇನ್ನು ನೀವು ಕೇಳದಿದ್ದರೂ ಖಂಡಿತ ಎಡವಿರುವ ಕೆಲವು ಕಲ್ಲುಗಳು. ಇವು ಮಾರ್ಕ್‌ಡೌನ್ ಹಂತದವು. ಕನ್ನಡದಲ್ಲಿ ಪ್ರತ್ಯಯ ಪದಕ್ಕೇ ಅಂಟುತ್ತದೆ. ಹತ್ತಿ ಅನ್ನೋದನ್ನು ಮಾತ್ರ ದಪ್ಪ ಮಾಡಲು **ಹತ್ತಿ**ಯನ್ನು ಅಂತ ನಕ್ಷತ್ರ ಹಾಕಿದರೆ ನಡೆಯುತ್ತದೆ. ಅದೇ ಜಾಗದಲ್ಲಿ ಅಂಡರ್‌ಸ್ಕೋರ್ ಹಾಕಿ __ಹತ್ತಿ__ಯನ್ನು ಅಂತ ಬರೆದರೆ ಈಗಿನ ಬಹುತೇಕ ಕನ್ವರ್ಟರ್‌ಗಳಲ್ಲಿ ನಡೆಯುವುದಿಲ್ಲ, ಗೆರೆಗಳು ಹಾಗೇ ಉಳಿಯುತ್ತವೆ. ನಕ್ಷತ್ರದ ಒಳಗೆ ಉದ್ಧರಣ ಚಿಹ್ನೆ ಇದ್ದು ಹೊರಗೆ ಪ್ರತ್ಯಯ ಬಂದರೆ, ಅಂದರೆ **"ಹತ್ತಿ"**ಯನ್ನು ಅಂತ ಬರೆದರೆ, ಅದೂ ಕೈಕೊಡುತ್ತದೆ. ಇದಕ್ಕೆ ನನ್ನ ದಾರಿ, ಪ್ರತ್ಯಯವನ್ನೂ ನಕ್ಷತ್ರದೊಳಗೆ ಸೇರಿಸಿ ಇಡೀ ಪದವನ್ನು ದಪ್ಪ ಮಾಡುವುದು. ಓರೆ ಅಕ್ಷರವನ್ನಂತೂ ಕನ್ನಡದಲ್ಲಿ ಬಳಸಲೇಬೇಡಿ. ನಮ್ಮ ಹೆಚ್ಚಿನ ಫಾಂಟ್‌ಗಳಲ್ಲಿ ನಿಜವಾದ ಓರೆ ರೂಪ ಇಲ್ಲ, ಯಂತ್ರ ಸುಮ್ನೆ ಅಕ್ಷರವನ್ನು ವಾಲಿಸುತ್ತದೆ. ಒತ್ತಕ್ಷರ ಕುಡಿದವರ ಹಾಗೆ ಕಾಣುತ್ತದೆ.

ಪಟ್ಟಿಗೆ ೧. ೨. ೩. ಅಂತ ಕನ್ನಡ ಅಂಕಿ ಹಾಕಿದರೆ ಮಾರ್ಕ್‌ಡೌನ್ ಅದನ್ನು ಪಟ್ಟಿ ಅಂತ ಗುರುತಿಸುವುದಿಲ್ಲ, 1. 2. 3. ಅಂತಲೇ ಹಾಕಬೇಕು. ಪ್ಯಾರಾ ಶುರುವಿಗೆ ಶಾಲೆಯಲ್ಲಿ ಕಲಿಸಿದಂತೆ ನಾಲ್ಕು ಸ್ಪೇಸ್ ಬಿಟ್ಟರೆ ಅದನ್ನು ಕೋಡ್ ಅಂದುಕೊಂಡು ಬೂದು ಡಬ್ಬಿಯಲ್ಲಿ ಹಾಕುತ್ತದೆ. ವಿಳಾಸ ಬರೆದು ಪ್ರತಿ ಸಾಲಿಗೂ ಎಂಟರ್ ಒತ್ತಿದ್ದರೂ ಎಲ್ಲ ಒಂದೇ ಸಾಲಾಗುತ್ತದೆ. ಸಾಲಿನ ಕೊನೆಗೆ ಎರಡು ಸ್ಪೇಸ್ ಇದ್ದರೆ ಮುರಿಯುತ್ತದೆ.

ಫಾಂಟ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ವೆಬ್ ಫಾಂಟ್ ಆ್ಯಪಲ್ ಮೇಲ್‌ನಲ್ಲಿ ಬರುತ್ತದೆ, ಜಿಮೇಲ್‌ನಲ್ಲಿ ಬರುವುದಿಲ್ಲ. ನೋಟೋ ಸ್ಯಾನ್ಸ್ ಕನ್ನಡ, ನಿರ್ಮಲಾ ಯುಐ, ತುಂಗಾ ಅಂತ ಸಾಲಾಗಿ ಹೆಸರು ಕೊಟ್ಟರೆ ಆಂಡ್ರಾಯ್ಡ್, ಹೊಸ ವಿಂಡೋಸ್, ಹಳೆ ವಿಂಡೋಸ್ ಮೂರಕ್ಕೂ ಆಯಿತು. ಗಮನ ಕೊಡಬೇಕಾದ್ದು ಸಾಲಿನ ಎತ್ತರಕ್ಕೆ. ಇಂಗ್ಲಿಷ್ ಟೆಂಪ್ಲೇಟ್‌ನಲ್ಲಿ ಅದು 1.2, 1.3 ಇರುತ್ತದೆ. ಕನ್ನಡಕ್ಕೆ 1.6 ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಎತ್ತರವನ್ನು ಕಟ್ಟುನಿಟ್ಟು ಮಾಡಿದ್ದರೆ ಔಟ್‌ಲುಕ್ ಒತ್ತನ್ನು ಕತ್ತರಿಸಿಯೇ ಬಿಡುತ್ತದೆ. ನಿಮ್ಮ ಆಫೀಸಿನಲ್ಲಿ ಯಾರಾದರೂ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿ ಕೊಡುತ್ತಿದ್ದರೆ ಮೊದಲು ಅದನ್ನು ಯೂನಿಕೋಡ್‌ಗೆ ಬದಲಿಸಿ. ಆ ಫಾಂಟ್ ಇಲ್ಲದವರಿಗೆ ಅದು ಬರೀ ಇಂಗ್ಲಿಷ್ ಗೀಚು.

ರೇಟಿನ ಟೇಬಲ್. ಪೈಪ್ ಗೆರೆ (|) ಹಾಕಿ ಮಾಡುವ ಟೇಬಲ್ ಮೂಲ ಮಾರ್ಕ್‌ಡೌನ್‌ನಲ್ಲಿ ಇರಲಿಲ್ಲ, ಆಮೇಲೆ ಸೇರಿದ್ದು. ಹಾಗಾಗಿ ಕನ್ವರ್ಟರ್‌ನಲ್ಲಿ ಆ ಸೌಲಭ್ಯ ಆನ್ ಆಗಿರಬೇಕು. ಗೆರೆ ಮತ್ತು ಪ್ಯಾಡಿಂಗ್ ಅನ್ನು ಟೇಬಲ್‌ಗೆ ಕೊಟ್ಟರೆ ಸಾಲದು, ಪ್ರತಿ ಖಾನೆಗೂ ಕೊಡಬೇಕು. ಇನ್‌ಲೈನರ್ ಅದನ್ನು ಮಾಡುತ್ತದೆ. ಆದರೆ ಐದಾರು ಕಾಲಂ ಇದ್ದರೆ ಯಾವ ಟೂಲೂ ಮೊಬೈಲಿನಲ್ಲಿ ನಿಮ್ಮನ್ನು ಉಳಿಸುವುದಿಲ್ಲ. ತಳಿ, 75 ಕೆಜಿ ಚೀಲಕ್ಕೆ ಕನಿಷ್ಠ, ಗರಿಷ್ಠ, ಈ ಮೂರು ಕಾಲಂ ಸಾಕು. ಸೋನಾ ಮಸೂರಿ ಒಂದು ಸಾಲು, ಆರ್‌ಎನ್‌ಆರ್ ಒಂದು ಸಾಲು. ಆವಕ, ಹೋದ ವಾರದ ಹೋಲಿಕೆ ಎಲ್ಲ ಕೆಳಗೆ ಒಂದು ವಾಕ್ಯದಲ್ಲಿ ಬರೆಯಿರಿ.

ಹಾಗಾದರೆ ಫೋಟೋ ಮಾಡಿ ಕಳಿಸಿದರೆ ಈ ತಾಪತ್ರಯ ಯಾವುದೂ ಇಲ್ಲವಲ್ಲ ಅನ್ನಿಸಬಹುದು. ವಾಟ್ಸ್‌ಆ್ಯಪ್‌ಗೆ ಅದು ಸರಿ. ಮೇಲ್‌ನಲ್ಲಿ ಔಟ್‌ಲುಕ್ ಚಿತ್ರಗಳನ್ನು ಮೊದಲಿಗೆ ತಡೆದು ಹಿಡಿಯುತ್ತದೆ. ಓದುವವರು ಒಂದು ಕ್ಲಿಕ್ ಮಾಡುವ ತನಕ ಖಾಲಿ ಡಬ್ಬಿ. ಚಿತ್ರವನ್ನು ಎಚ್‌ಟಿಎಂಎಲ್‌ನೊಳಗೇ ಡೇಟಾ ಆಗಿ ತುಂಬಿಸಿದರೆ ಜಿಮೇಲ್ ತೋರಿಸುವುದೇ ಇಲ್ಲ. ಹೋದ ತಿಂಗಳ ರೇಟು ಹುಡುಕಿದರೆ ಸಿಗಲ್ಲ, ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳಲ್ಲ. ಬರೀ ಒಂದು ಚಿತ್ರವಿದ್ದು ಪಠ್ಯವೇ ಇಲ್ಲದ ಮೇಲ್ ಕಂಡರೆ ಸ್ಪ್ಯಾಮ್ ಫಿಲ್ಟರ್‌ಗಳಿಗೂ ಅನುಮಾನ.

ಎಚ್‌ಟಿಎಂಎಲ್ ಅಂದರೇನೇ ಸ್ಪ್ಯಾಮ್ ಅನ್ನೋದು ಮಾತ್ರ ಸುಳ್ಳು. ನಿಮಗೆ ಬರುವ ಬ್ಯಾಂಕ್, ರೈಲ್ವೆ ಮೇಲ್‌ಗಳೆಲ್ಲ ಎಚ್‌ಟಿಎಂಎಲ್ ಆಗಿಯೇ ಬರುತ್ತವೆ. ಫಿಲ್ಟರ್ ಮುಖ್ಯವಾಗಿ ನೋಡುವುದು ಕಳಿಸಿದವರು ಯಾರು, ಅದಕ್ಕೆ ಪುರಾವೆ ಏನು, ಜನ ಅದನ್ನು ಸ್ಪ್ಯಾಮ್ ಅಂತ ಒತ್ತುತ್ತಿದ್ದಾರಾ ಅಂತ. ನಿಮ್ಮದೇ ಡೊಮೇನ್‌ನಿಂದ ಕಳಿಸುತ್ತಿದ್ದರೆ ಮೇಲ್ ನಿಜವಾಗಿ ನಿಮ್ಮಿಂದಲೇ ಬಂದಿದ್ದು ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನೋ ಏರ್ಪಾಡು ಮೂರನ್ನೂ ಹಾಕಿಸಿ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ಮೂರನ್ನೂ ಕಡ್ಡಾಯ ಮಾಡಿದೆ. ನಿಮ್ಮದು ಅಷ್ಟಿಲ್ಲ, ಆದರೂ ಹಾಕಿಸಿದರೆ ಲಾಭ ನಿಮಗೇ.

ಸ್ಪ್ಯಾಮ್ ವಿಷಯದಲ್ಲಿ ಇನ್ನೊಂದು ಕೆಲಸ ಮಾಡಬೇಕು. ಒಂದೇ ಮೇಲ್‌ನಲ್ಲಿ ಎರಡು ರೂಪ ಇಡಿ, ಮೊದಲು ಸಾದಾ ಪಠ್ಯ, ಆಮೇಲೆ ಎಚ್‌ಟಿಎಂಎಲ್. ಇದಕ್ಕೆ ಮಲ್ಟಿಪಾರ್ಟ್ ಆಲ್ಟರ್ನೇಟಿವ್ ಅನ್ನುತ್ತಾರೆ. ತೋರಿಸುವ ಆ್ಯಪ್ ತನಗೆ ಅರ್ಥವಾಗುವ ಕೊನೆಯ ರೂಪವನ್ನು ಆರಿಸಿಕೊಳ್ಳುತ್ತದೆ, ಹಾಗಾಗಿ ಈ ಕ್ರಮ ತಪ್ಪಬಾರದು. ಸಾದಾ ಪಠ್ಯಕ್ಕೆ ಬೇರೆ ಬರೆಯಬೇಕಿಲ್ಲ, ನಿಮ್ಮ ಮಾರ್ಕ್‌ಡೌನ್ ಅನ್ನೇ ಹಾಕಿ. ಜಾನ್ ಗ್ರೂಬರ್ 2004ರಲ್ಲಿ ಮಾರ್ಕ್‌ಡೌನ್ ಮಾಡಿದ್ದೇ ಹಾಗೆಯೇ ಓದಲು ಬರಲಿ ಅಂತ. ಅದರ ಗುರುತುಗಳಿಗೆ ಮುಖ್ಯ ಪ್ರೇರಣೆ ಹಿಂದಿನ ಸಾದಾ ಈ-ಮೇಲ್‌ಗಳಲ್ಲಿ ಜನ ಬರೆಯುತ್ತಿದ್ದ ರೀತಿ ಅಂತ ಅವರೇ ಹೇಳಿದ್ದಾರೆ. ಮಾರ್ಕ್‌ಡೌನ್ ಬಿಡಬೇಡಿ ಅನ್ನಲು ನನಗೆ ಇದೂ ಒಂದು ಕಾರಣ. ರೇಟಿನ ಟೇಬಲ್ ಮಾತ್ರ ಸಾದಾ ಪಠ್ಯದಲ್ಲಿ ವಕ್ರವಾಗುತ್ತದೆ, ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಇರುವುದಿಲ್ಲ. ಅಲ್ಲಿ ಒಂದು ತಳಿಗೆ ಒಂದು ಸಾಲು ಬರೆದರೆ ಆಯಿತು.

ಸ್ಕ್ರಿಪ್ಟ್ ಬರೆದ ಹುಡುಗ ರಜೆಯಲ್ಲಿದ್ದರೆ ಏನು ಗತಿ? ಎರಡು ದಾರಿ ಇವೆ. ಎಚ್‌ಟಿಎಂಎಲ್ ಪುಟವನ್ನು ಕ್ರೋಮ್‌ನಲ್ಲಿ ತೆರೆದು, ಕಾಣುವುದನ್ನೆಲ್ಲ ಆರಿಸಿ ಕಾಪಿ ಮಾಡಿ ಜಿಮೇಲ್‌ನ ಕಂಪೋಸ್ ಡಬ್ಬಿಯಲ್ಲಿ ಪೇಸ್ಟ್ ಮಾಡಬಹುದು. ಸ್ಟೈಲ್‌ಗಳು ಜೊತೆಗೇ ಬರುತ್ತವೆ. ಕೋಡನ್ನೇ ಪೇಸ್ಟ್ ಮಾಡಬೇಡಿ, ಓದುವವರಿಗೆ ಬರೀ ಟ್ಯಾಗ್ ಕಾಣುತ್ತವೆ. ಈ ದಾರಿಯಲ್ಲಿ ಬೇಡದ ಸ್ಪ್ಯಾನ್ ಟ್ಯಾಗುಗಳು ತುಂಬಿಕೊಂಡು ಗಾತ್ರ ಉಬ್ಬುತ್ತದೆ, ಔಟ್‌ಲುಕ್‌ಗೆ ಇಟ್ಟ ಕಾಮೆಂಟ್‌ಗಳು ಬರುವುದಿಲ್ಲ. ಇನ್ನೊಂದು ಥಂಡರ್‌ಬರ್ಡ್ ಅನ್ನೋ ಮೇಲ್ ಪ್ರೋಗ್ರಾಂ. ಅದರ ಇನ್ಸರ್ಟ್ ಮೆನುವಿನಲ್ಲಿ ಎಚ್‌ಟಿಎಂಎಲ್ ಅಂತಲೇ ಇದೆ, ಅಲ್ಲಿ ಕೋಡನ್ನು ಹಾಕಬಹುದು. ನನಗೆ ಇದು ಹೆಚ್ಚು ನಂಬಿಕೆಯದ್ದು. ಮೇಲ್ ಸೇವೆ ಕೊಡುವ ಕಂಪನಿಗಳ ಮೂಲಕವೂ ಕಳಿಸಬಹುದು. ಯಾರು ತೆರೆದರು ಅನ್ನೋ ಲೆಕ್ಕ, ಪಟ್ಟಿಯಿಂದ ಹೊರಹೋಗುವ ಲಿಂಕ್ ಎಲ್ಲ ಸಿಗುತ್ತದೆ. ಆದರೆ ನಿಮ್ಮ 400 ಜನರ ವಿಳಾಸ ಅವರ ಕೈಗೆ ಹೋಗುತ್ತದೆ, ಪಟ್ಟಿ ಬೆಳೆದಂತೆ ಖರ್ಚೂ ಬೆಳೆಯುತ್ತದೆ. ಪುಕ್ಕಟೆ ಜಿಮೇಲ್‌ಗೆ ದಿನಕ್ಕೆ 500 ಜನರ ಮಿತಿ ಇದೆ. ಸದ್ಯಕ್ಕೆ ನಿಮಗೆ ಸಾಕು, ಇನ್ನೊಂದು ನೂರು ಸದಸ್ಯರು ಸೇರಿದರೆ ಅಂಚಿಗೆ ಬರುತ್ತೀರಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಸ್ಕ್ರಿಪ್ಟ್ ಉಳಿಸಿಕೊಂಡು, ಈ ವಾರ ಇನ್‌ಲೈನರ್ ಮತ್ತು ಎನ್‌ಕೋಡಿಂಗ್ ಎರಡನ್ನು ಮಾತ್ರ ಸರಿಮಾಡಿಸುತ್ತಿದ್ದೆ. ಟೆಂಪ್ಲೇಟ್ ಮುಂದಿನ ವಾರ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಕೆಟ್ಟಿತು ಅಂತ ತಿಳಿಯುವುದಿಲ್ಲ. 400 ಜನರಿಗೆ ಕಳಿಸುವ ಮೊದಲು ಮೂರು ಕಡೆ ನೋಡಿ: ಕಂಪ್ಯೂಟರಿನ ಜಿಮೇಲ್, ಸಾಧಾರಣ ಆಂಡ್ರಾಯ್ಡ್ ಫೋನಿನ ಜಿಮೇಲ್ ಆ್ಯಪ್ ಡಾರ್ಕ್ ಮೋಡ್‌ನಲ್ಲಿ, ಮತ್ತು ಆ ಬ್ಯಾಂಕಿನವರ ಔಟ್‌ಲುಕ್. ಡಾರ್ಕ್ ಮೋಡ್ ಯಾಕೆಂದರೆ, ಕೆಲವು ಆ್ಯಪ್‌ಗಳು ಬಣ್ಣಗಳನ್ನು ತಾವೇ ತಿರುಗಿಸುತ್ತವೆ. ಹಿನ್ನೆಲೆ ಇಲ್ಲದ ಲೋಗೋದಲ್ಲಿ ಕಪ್ಪು ಅಕ್ಷರ ಇದ್ದರೆ ಕಪ್ಪಿನಲ್ಲೇ ಕರಗುತ್ತದೆ. ಜಿಮೇಲ್‌ನಲ್ಲಿ ಮೂರು ಚುಕ್ಕೆ ಒತ್ತಿ ‘ಶೋ ಒರಿಜಿನಲ್’ಗೆ ಹೋದರೆ ಎರಡೂ ರೂಪ ಹೋಗಿದೆಯಾ, ಬೇಸ್64 ಆಗಿದೆಯಾ, ಎಸ್‌ಪಿಎಫ್ ಪಾಸ್ ಆಗಿದೆಯಾ ಎಲ್ಲ ಅಲ್ಲೇ ಕಾಣುತ್ತದೆ. ಬ್ಯಾಂಕಿನವರಿಗೆ ಫೋನ್ ಮಾಡಿದಾಗ ‘ಸರಿ ಕಾಣುತ್ತಾ’ ಅಂತ ಕೇಳಬೇಡಿ, ಹೂಂ ಅಂದುಬಿಡುತ್ತಾರೆ. ಸ್ಕ್ರೀನ್‌ಶಾಟ್ ಕಳಿಸಲು ಹೇಳಿ.